ಸಾವಿನಾಚೆಯ ನಿರೀಕ್ಷೆಯನ್ನು ಹಿಡಿದು ದೈವಪ್ರಕಟಣೆಯ ಕ್ರಮವನ್ನು ಕಲಿಸಿದ ನನ್ನ ಅನುಭವ

ದೇವರು ತಮ್ಮನ್ನು ಒಮ್ಮೆಲೇ ಪೂರ್ತಿಯಾಗಿ ತೋರಿಸಿಕೊಳ್ಳದೆ, ತಲೆಮಾರುಗಳುದ್ದಕ್ಕೂ ಕ್ರಿಯೆಗಳಿಂದಲೂ ಮಾತುಗಳಿಂದಲೂ ಹಂತಹಂತವಾಗಿ ತಿಳಿಯಪಡಿಸಿದರು ಎಂಬುದು ಕ್ರೈಸ್ತ ದೇವಶಾಸ್ತ್ರದ ಬಹು ಹಳೆಯ ಬೋಧೆ. ಪೂರ್ವಕಾಲದಲ್ಲಿ ಪ್ರವಾದಿಗಳ ಮುಖಾಂತರ ಭಾಗಭಾಗವಾಗಿ ಮಾತಾಡಿದ ದೇವರು ಈ ಅಂತ್ಯದಿನಗಳಲ್ಲಿ ತಮ್ಮ ಮಗನ ಮುಖಾಂತರ ಮಾತಾಡಿದ್ದಾರೆ ಎಂದೇ ಇಬ್ರಿಯರಿಗೆ ಬರೆದ ಪತ್ರಿಕೆ ಆರಂಭವಾಗುತ್ತದೆ. ಸಭಾಪಾಲಕನಾಗಿ ವಾರದ ಸತ್ಯವೇದ ಅಧ್ಯಯನವನ್ನು ನಡೆಸುವ ನಾನು ಕಂಡದ್ದೇನೆಂದರೆ, ಈ ಬೋಧೆಯನ್ನು ವ್ಯಾಖ್ಯೆಯಾಗಿ ಹೇಳಿದರೆ ಎಲ್ಲರೂ ಒಪ್ಪುತ್ತಾರೆ, ಆದರೆ ಸತ್ಯವೇದದಲ್ಲಿ ಯೇಸುವಿಗೆ ಮುಂಚಿನ ಭಾಗವಾದ ಹಳೆಯ ಒಡಂಬಡಿಕೆಯ ಪುಟವೊಂದನ್ನು ತೆರೆದ ಕೂಡಲೇ ಅದನ್ನು ಮರೆತು, ಅಬ್ರಹಾಮನಿಗೂ ದಾವೀದನಿಗೂ ಹೊಸ ಒಡಂಬಡಿಕೆಯ ಪೌಲನಿಗೆ ತಿಳಿದಷ್ಟೇ ತಿಳಿದಿತ್ತು ಎಂಬಂತೆ ಓದತೊಡಗುತ್ತಾರೆ. ಆದಕಾರಣ ಒಂದೇ ಪ್ರಶ್ನೆಯನ್ನು ಹಿಡಿದು ಮೊದಲಿಂದ ಕೊನೆಯವರೆಗೆ ನಡೆಯುವ ಕ್ರಮವನ್ನು ಅನುಸರಿಸಿದೆ. ತಮ್ಮವರನ್ನು ಸಮಾಧಿ ಮಾಡಿ ಹಿಂತಿರುಗಿದ ಪ್ರತಿಯೊಂದು ಮನೆಯಲ್ಲೂ ಕೇಳಿಬರುವ ಪ್ರಶ್ನೆಯನ್ನೇ ಆರಿಸಿಕೊಂಡೆ: ಸತ್ತ ಮೇಲೆ ಏನು?

ವಾಕ್ಯಭಾಗಗಳನ್ನು ಮಾತ್ರ ಮುದ್ರಿಸಿದ ಹಾಳೆಯನ್ನು ಎಲ್ಲರಿಗೂ ಕೊಟ್ಟೆ, ವಿವರಣೆ ಸೇರಿಸಲಿಲ್ಲ. ಮುಂದಿನ ಭಾಗದ ಉತ್ತರವನ್ನು ಹಿಂದಿನ ಭಾಗಕ್ಕೆ ತರಬಾರದು ಎಂಬುದೊಂದೇ ನಿಯಮ. ಕೀರ್ತನೆಯನ್ನು ಓದುವಾಗ ಕೊರಿಂಥದವರಿಗೆ ಬರೆದ ಪತ್ರಿಕೆಯನ್ನು ತೆರೆಯುವಂತಿಲ್ಲ. ಕೇಳಲು ಸುಲಭವಾದ ಈ ನಿಯಮವನ್ನು ಪಾಲಿಸುವುದು ವಿಶ್ವಾಸಿಗಳಿಗೆ ಬಹಳ ಕಷ್ಟವಾಯಿತು, ಏಕೆಂದರೆ ಸಾಂತ್ವನದ ವಚನ ಅವರ ನಾಲಗೆಯ ತುದಿಯಲ್ಲೇ ಇರುತ್ತದೆ.

ಹೆಚ್ಚು ಹೊತ್ತು ನಿಂತದ್ದು 88ನೆಯ ಕೀರ್ತನೆಯಲ್ಲಿ. ಸತ್ತವರಿಗಾಗಿ ನೀನು ಅದ್ಭುತ ನಡಿಸುವೆಯಾ, ಸಮಾಧಿಯಲ್ಲಿ ನಿನ್ನ ಪ್ರೀತಿಯನ್ನು ಸಾರುವವರು ಯಾರು ಎಂದು ಕೇಳುವ ಆ ಪ್ರಾರ್ಥನೆ ಕತ್ತಲೆಯಲ್ಲೇ ಮುಗಿಯುತ್ತದೆ, ಉತ್ತರ ಬರುವುದಿಲ್ಲ. ಅದರ ಜೊತೆಗೆ ಯೆಶಾಯ 38ನ್ನು ಇಟ್ಟೆ. ಅಲ್ಲಿ ರೋಗದಿಂದ ಗುಣವಾದ ಅರಸ ಹಿಜ್ಕೀಯನು, ಪಾತಾಳವು ನಿನ್ನನ್ನು ಸ್ತುತಿಸದು, ಬದುಕಿರುವವನೇ ನಿನ್ನನ್ನು ಸ್ತುತಿಸುವನು ಎಂದು ಹಾಡುತ್ತಾನೆ. ಅವನ ಕೃತಜ್ಞತೆ ನಿಜವಾದದ್ದು, ಆದರೆ ಅದು ಇನ್ನಷ್ಟು ವರ್ಷಗಳ ಆಯುಷ್ಯಕ್ಕಾಗಿ ಸಲ್ಲಿಸಿದ ಕೃತಜ್ಞತೆ. ಇದನ್ನು ಓದಿದ ದಿನ ಒಬ್ಬ ಹಿರಿಯ ತಾಯಿ, "ಅಯ್ಯನವರೇ, ಹಾಗಾದರೆ ಅವರೆಲ್ಲ ನಮ್ಮಷ್ಟು ನಿರೀಕ್ಷೆ ಇಲ್ಲದೆಯೇ ಸತ್ತರೇ?" ಎಂದು ಕೇಳಿದರು. ಅವರಿಗೆ ತಿಳಿದದ್ದು ನಮಗಿಂತ ಕಡಮೆ, ಆದರೆ ಅವರ ಭರವಸೆ ಕಡಮೆಯದ್ದಲ್ಲ ಎಂದು ಉತ್ತರಿಸಿದೆ. ಏನೂ ಕಾಣದಿದ್ದರೂ 88ನೆಯ ಕೀರ್ತನೆಗಾರನು ದೇವರನ್ನು ಕೂಗುವುದನ್ನು ಬಿಡಲಿಲ್ಲ. 73ನೆಯ ಕೀರ್ತನೆಯಲ್ಲಿ ಆಸಾಫನು, ನಾನು ಸದಾ ನಿನ್ನ ಸಂಗಡ ಇದ್ದೇನೆ, ಕೊನೆಗೆ ನನ್ನನ್ನು ಮಹಿಮೆಗೆ ಸೇರಿಸಿಕೊಳ್ಳುವೆ ಎಂದು, ಹೇಗೆಂಬುದನ್ನು ವಿವರಿಸದೆಯೇ, ಹೇಳಿಬಿಡುತ್ತಾನೆ. ದೇವರ ಸಂಗಡ ಇರುವುದು ಎಂಬ ಈ ಬಂಧದಿಂದಲೇ ಮುಂದಿನ ಬೆಳಕೆಲ್ಲ ಹೊರಟಿತೆಂಬುದು ನನ್ನ ದೃಢ ಅಭಿಪ್ರಾಯ.

ಯೆಹೆಜ್ಕೇಲನ ಒಣ ಎಲುಬುಗಳ ದರ್ಶನವನ್ನು ಬೇಗನೆ ದಾಟಿದೆವು. ಆ ಎಲುಬುಗಳು ಇಸ್ರಾಯೇಲ್ ವಂಶವೆಲ್ಲ ಎಂದು ಆ ಅಧ್ಯಾಯವೇ ಹೇಳುವುದರಿಂದ, ಅಲ್ಲಿನ ಮುಖ್ಯ ವಿಷಯ ಸೆರೆಹೋದ ಜನರ ಪುನಃಸ್ಥಾಪನೆ. ಯೆಶಾಯ 26:19ರಲ್ಲಿ ಧೂಳಿನ ನಿವಾಸಿಗಳನ್ನು ಎಚ್ಚರಗೊಳ್ಳುವಂತೆ ಕರೆಯುವ ಧ್ವನಿ ಕೇಳುತ್ತದೆ. ದಾನಿಯೇಲ 12:2ಕ್ಕೆ ಬಂದಾಗ ಮಾತು ಸ್ಪಷ್ಟವಾಗುತ್ತದೆ: ದೂಳಿನ ನೆಲದಲ್ಲಿ ನಿದ್ರಿಸುವ ಅನೇಕರು ಏಳುವರು, ಕೆಲವರು ನಿತ್ಯಜೀವಕ್ಕೆ, ಕೆಲವರು ನಿತ್ಯನಿಂದೆಗೆ. ಈ ಪುಸ್ತಕವು ಕ್ರಿ.ಪೂ. 6ನೆಯ ಶತಮಾನದ್ದೆಂದು ಸಂಪ್ರದಾಯವೂ 2ನೆಯ ಶತಮಾನದ್ದೆಂದು ಅನೇಕ ವಿದ್ವಾಂಸರೂ ಹೇಳುತ್ತಾರೆ. ಎರಡನ್ನೂ ಸಭೆಯ ಮುಂದಿಟ್ಟೆ, ಏಕೆಂದರೆ ಯಾವ ಕಾಲಮಾನವನ್ನು ಒಪ್ಪಿದರೂ ಹಳೆಯ ಒಡಂಬಡಿಕೆಯಲ್ಲಿ ಈ ಸತ್ಯ ತಡವಾಗಿಯೇ ಸ್ಪಷ್ಟಗೊಂಡಿತೆಂಬ ಸಂಗತಿ ಬದಲಾಗುವುದಿಲ್ಲ.

ಹೊಸ ಒಡಂಬಡಿಕೆಯ ಕಾಲಕ್ಕೆ ಯೆಹೂದ್ಯರ ಎರಡು ಪಂಗಡಗಳಲ್ಲಿ ಫರಿಸಾಯರು ಪುನರುತ್ಥಾನವನ್ನು, ಅಂದರೆ ಸತ್ತವರು ಮತ್ತೆ ಏಳುವುದನ್ನು, ನಂಬುತ್ತಿದ್ದರು, ಸದ್ದುಕಾಯರು ನಂಬುತ್ತಿರಲಿಲ್ಲ. ಮತ್ತಾಯ 22ರಲ್ಲಿ ಸದ್ದುಕಾಯರು, ಒಬ್ಬರ ನಂತರ ಒಬ್ಬರಂತೆ ಏಳು ಮಂದಿ ಸಹೋದರರನ್ನು ಮದುವೆಯಾದವಳು ಪುನರುತ್ಥಾನದಲ್ಲಿ ಯಾರ ಹೆಂಡತಿ ಎಂಬ ಪ್ರಶ್ನೆಯೊಡನೆ ಬಂದಾಗ ಯೇಸುಸ್ವಾಮಿ ಅವರಿಗೆ ದಾನಿಯೇಲನನ್ನು ತೋರಿಸಲಿಲ್ಲ. ಅವರು ಉದ್ಧರಿಸಿದ್ದು ಉರಿಯುವ ಪೊದೆಯ ಬಳಿ ಮೋಶೆ ಕೇಳಿದ ಮಾತನ್ನು: ನಾನು ಅಬ್ರಹಾಮನ ದೇವರು, ಇಸಾಕನ ದೇವರು, ಯಾಕೋಬನ ದೇವರು. ದೇವರು ಸತ್ತವರ ದೇವರಲ್ಲ, ಜೀವಿತರ ದೇವರು. ಇಲ್ಲಿಗೆ ಬಂದಾಗ ಅಧ್ಯಯನದ ಸ್ವರೂಪವೇ ಬದಲಾಯಿತು. ಬೆಳಕು ತಡವಾಗಿ ಬಂದಿತಾದರೂ ಅದು ಬೆಳಗಿದ್ದು ಮೊದಲೇ ಅಲ್ಲಿದ್ದ ಸತ್ಯವನ್ನು ಎಂಬುದು ಎಲ್ಲರಿಗೂ ಕಂಡಿತು. ಅಮೆರಿಕದ ಪ್ರಿನ್ಸ್‌ಟನ್ ಸೆಮಿನರಿಯಲ್ಲಿ 1894ರಲ್ಲಿ ವಿಧ್ಯುಕ್ತವಾಗಿ ಪ್ರಾಧ್ಯಾಪಕ ಸ್ಥಾನ ವಹಿಸಿಕೊಂಡ ದೇವಶಾಸ್ತ್ರಜ್ಞ ಗೀರ್ಹಾರ್ಡಸ್ ವೋಸ್ ಅವರು ಪ್ರಕಟಣೆಯ ಬೆಳವಣಿಗೆಯನ್ನು ಬೀಜ ಮರವಾಗುವುದಕ್ಕೆ ಹೋಲಿಸಿದ್ದು ಈ ಅರ್ಥದಲ್ಲೇ: ಬೀಜದಲ್ಲಿ ಕೊರತೆಯಿಲ್ಲ, ಬೆಳವಣಿಗೆ ಬಾಕಿಯಿದೆ.

ಕೊರತೆಗೂ ಬೆಳವಣಿಗೆಗೂ ಇರುವ ಈ ಭೇದವನ್ನು ಮರೆತರೆ ಅಪಾಯವಿದೆ. 2ನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬಾತ ಹಳೆಯ ಒಡಂಬಡಿಕೆಯ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂದು ಬೋಧಿಸಿದ. ಅವನನ್ನು ಎದುರಿಸಿದ ಲಿಯೋನ್ ನಗರದ ಬಿಷಪ್ ಇರೆನೇಯಸ್, ದೇವರು ಒಬ್ಬರೇ, ಮನುಷ್ಯರನ್ನು ಮಕ್ಕಳಂತೆ ಹಂತಹಂತವಾಗಿ ಪಕ್ವಗೊಳಿಸಿದರು ಎಂದು ವಾದಿಸಿದರು. 4ನೆಯ ಶತಮಾನದಲ್ಲಿ ನಾಜಿಯಾನ್ಜಸ್‌ನ ಗ್ರೆಗರಿ ಇದೇ ಕ್ರಮವನ್ನು ತ್ರಯೇಕತ್ವಕ್ಕೆ, ಅಂದರೆ ತಂದೆ, ಮಗ, ಪವಿತ್ರಾತ್ಮ ಒಬ್ಬರೇ ದೇವರೆಂಬ ಬೋಧೆಗೆ, ಅನ್ವಯಿಸಿದರು: ಹಳೆಯ ಒಡಂಬಡಿಕೆ ತಂದೆಯನ್ನು ಸ್ಪಷ್ಟವಾಗಿಯೂ ಮಗನನ್ನು ಮಸುಕಾಗಿಯೂ ಸಾರಿತು, ಹೊಸ ಒಡಂಬಡಿಕೆ ಮಗನನ್ನು ಪ್ರಕಟಿಸಿ ಪವಿತ್ರಾತ್ಮನ ದೈವತ್ವವನ್ನು ಸೂಚಿಸಿತು, ಈಗ ಆತ್ಮನು ಸಭೆಯಲ್ಲಿ ವಾಸಿಸಿ ತನ್ನನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತಾನೆ. ತಾಳಲಾರದವರ ಮೇಲೆ ಎಲ್ಲವನ್ನೂ ಒಟ್ಟಿಗೆ ಹೊರಿಸದಿರುವುದು ದೇವರ ಕರುಣೆ ಎಂದು ಗ್ರೆಗರಿ ಕಂಡದ್ದು ನನಗೆ ಅತ್ಯಂತ ಪ್ರಿಯವಾದ ವಿಚಾರ. ಯೋಹಾನ 16:12ರಲ್ಲಿ ಸ್ವಾಮಿಯೇ ಶಿಷ್ಯರಿಗೆ ಹಾಗೆ ಹೇಳುತ್ತಾರೆ.

ಪ್ರಕಟಣೆ ಬೆಳೆಯುವುದಾದರೆ ಇಂದೂ ಹೊಸ ಸಂದೇಶ ಬರಬಹುದಲ್ಲವೇ ಎಂದು ಯುವಕರು ಕೇಳಿದರು. ಈ ವಿಷಯದಲ್ಲಿ ನಾನು ಸಡಿಲಿಸುವುದಿಲ್ಲ. ಲಾಜರನು ಸತ್ತ ಮೇಲೆ ಅವನ ಅಕ್ಕ ಮಾರ್ಥಳು ಊರ ಹೊರಗೆ ಯೇಸುವನ್ನು ಎದುರುಗೊಂಡು, ಕಡೇ ದಿನದ ಪುನರುತ್ಥಾನವನ್ನು ನಂಬುತ್ತೇನೆಂದಾಗ, "ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ" ಎಂಬ ಉತ್ತರ ಬಂತು. ನಿರೀಕ್ಷೆಯ ಆ ಉದ್ದನೆಯ ಎಳೆ ಒಬ್ಬ ವ್ಯಕ್ತಿಯಲ್ಲಿ ಬಂದು ಸೇರಿತು. ಆತನು ಸತ್ತವರೊಳಗಿಂದ ಎದ್ದು ಪ್ರಥಮಫಲವಾದನೆಂದು ಪೌಲನು 1 ಕೊರಿಂಥ 15ರಲ್ಲಿ ಬರೆಯುತ್ತಾನೆ. ಸಭೆಯ ತಿಳಿವಳಿಕೆ ಇನ್ನೂ ಆಳವಾಗಬಹುದು, ಆಗಲೇಬೇಕು, ಆದರೆ ಕ್ರಿಸ್ತನನ್ನು ಮೀರಿದ ಪ್ರಕಟಣೆ ಇಲ್ಲ. ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಇದನ್ನೇ ಘೋಷಿಸಿತು.

ಈಗ ದೇವರ ವಾಸಸ್ಥಾನವೆಂಬ ಎಳೆಯನ್ನು ಹಿಡಿದು, ವಿಮೋಚನಕಾಂಡ 40ರ ಗುಡಾರದಿಂದ ದೇವಾಲಯವೇ ಇಲ್ಲದ ಪ್ರಕಟನೆ 21ರ ಪಟ್ಟಣದವರೆಗಿನ ಹಾಳೆಯನ್ನು ಸಿದ್ಧಪಡಿಸುತ್ತಿದ್ದೇನೆ. ಹಳೆಯ ಆಲಯವನ್ನು ಕಂಡಿದ್ದ ಮುದುಕರು ಹೊಸದರ ಅಸ್ತಿವಾರದ ಮುಂದೆ ಅತ್ತ ಎಜ್ರ 3ನೆಯ ಅಧ್ಯಾಯವನ್ನು ಸೇರಿಸಬೇಕೆಂದು ಸಭೆಯ ಹಿರಿಯರೊಬ್ಬರು ಕೇಳಿಕೊಂಡರು, ಸೇರಿಸಿದ್ದೇನೆ.