ದೂರದಿಂದ ಓದುವವರ ಕೋರ್ಸ್ ಚೆನ್ನಾಗಿದೆ ಅಂತ ಹೇಗೆ ಗೊತ್ತಾಗುತ್ತದೆ? ನೆದರ್‌ಲ್ಯಾಂಡ್ಸ್‌ನಲ್ಲಿ ನನ್ನ ಅನುಭವ

ನಾನು ನೆದರ್‌ಲ್ಯಾಂಡ್ಸ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಆನ್‌ಲೈನ್ ಮಾಸ್ಟರ್ಸ್ ಕೋರ್ಸ್‌ಗಳ ಗುಣಮಟ್ಟ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ವಿಷಯ ಸಾರ್ವಜನಿಕ ಆರೋಗ್ಯ. ಓದುವವರು ಬಹುತೇಕ ಕೆಲಸದಲ್ಲಿರುವವರೇ. ನರ್ಸ್‌ಗಳು, ನಗರಸಭೆಯ ಆರೋಗ್ಯ ವಿಭಾಗದವರು, ಸಣ್ಣ ಮಕ್ಕಳಿರುವ ಡಾಕ್ಟರ್‌ಗಳು. ಒಬ್ಬರು ಪೋರ್ಚುಗಲ್‌ನಿಂದ ಲಾಗಿನ್ ಆದರೆ ಇನ್ನೊಬ್ಬರು ಫಿನ್‌ಲ್ಯಾಂಡ್‌ನಿಂದ. ಒಮ್ಮೆಯೂ ಕ್ಯಾಂಪಸ್‌ಗೆ ಬಾರದೆ ಡಿಗ್ರಿ ಮುಗಿಸುವವರು ಇದ್ದಾರೆ.

ಊರಿನ ಕಡೆಯಿಂದ ಫೋನ್ ಮಾಡುವವರು ಮೊದಲು ಕೇಳುವುದು, ಅಂಥ ಡಿಗ್ರಿಗೆ ಬೆಲೆ ಇದೆಯಾ ಅಂತ. ಕಾಗದದ ಮೇಲಿನ ಉತ್ತರ ಸುಲಭ. ಯುರೋಪಿನ ಉನ್ನತ ಶಿಕ್ಷಣಕ್ಕೆ ಗುಣಮಟ್ಟದ ಒಂದು ಸಾಮಾನ್ಯ ನಿಯಮಾವಳಿ ಇದೆ. ನಾವು ಇಎಸ್‌ಜಿ ಅನ್ನುತ್ತೇವೆ. 2005ರಲ್ಲಿ ಬರ್ಗೆನ್‌ನಲ್ಲಿ ಶಿಕ್ಷಣ ಸಚಿವರು ಒಪ್ಪಿದ್ದು, 2015ರಲ್ಲಿ ಯೆರೆವಾನ್‌ನಲ್ಲಿ ಪರಿಷ್ಕರಿಸಿದ್ದು. ಕ್ಲಾಸಿನಲ್ಲಿ ಕೂತು ಓದಿದರೂ ಮನೆಯಲ್ಲಿ ಕೂತು ಓದಿದರೂ ಅದೇ ನಿಯಮ, ರಿಯಾಯಿತಿ ಇಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಎನ್‌ವಿಎಒ ಎಂಬ ಸಂಸ್ಥೆ ಮಾನ್ಯತೆ ಕೊಡುತ್ತದೆ. ಆರು ವರ್ಷಕ್ಕೊಮ್ಮೆ ಹೊರಗಿನ ತಜ್ಞರ ತಂಡ ಪರಿಶೀಲನೆ ಮಾಡುತ್ತದೆ. ಆ ತಂಡದಲ್ಲಿ ಒಬ್ಬ ವಿದ್ಯಾರ್ಥಿ ಸದಸ್ಯರೂ ಇರಬೇಕು.

ಇದೆಲ್ಲ ಬೇಕು. ಆದರೆ ಆರು ವರ್ಷಕ್ಕೊಮ್ಮೆ ಬರುವವರು ನೋಡಿಕೊಳ್ಳುತ್ತಾರೆ ಅಂತ ಕೋರ್ಸ್ ನಡೆಸಲು ಆಗುವುದಿಲ್ಲ, ಅಲ್ವಾ? ನೈಟ್ ಶಿಫ್ಟ್ ಮುಗಿಸಿ ಬಂದು ಲ್ಯಾಪ್‌ಟಾಪ್ ತೆರೆಯುವ ನರ್ಸ್‌ಗೆ ಈ ವಾರ ಏನು ಸಿಕ್ಕಿತು? ನನ್ನ ಮಟ್ಟಿಗೆ ಇಡೀ ಕೆಲಸ ಇರುವುದು ಆ ಪ್ರಶ್ನೆಯಲ್ಲಿ.

ನಾವು ಶುರು ಮಾಡಿದ್ದು ಗಂಟೆಗಳ ಲೆಕ್ಕದಿಂದ. ಯುರೋಪಿನಲ್ಲಿ ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆಗಳ ದುಡಿಮೆ. ಈ ದೇಶದಲ್ಲಿ ಅದು 28 ಗಂಟೆ. ಐದು ಕ್ರೆಡಿಟ್‌ನ ಕೋರ್ಸ್‌ಗೆ 140 ಗಂಟೆ. ಹತ್ತು ವಾರಕ್ಕೆ ಹಂಚಿದರೆ ವಾರಕ್ಕೆ 14. ಪೂರ್ತಿ ಕೆಲಸ ಮಾಡಿಕೊಂಡು ಓದುವವರಿಗೆ ಈ 14 ಗಂಟೆಯೇ ದೊಡ್ಡದು. ಅದು 20 ಆದರೆ ಮೊದಲು ನಿದ್ದೆ ಹೋಗುತ್ತದೆ, ಆಮೇಲೆ ಕೋರ್ಸೇ ಹೋಗುತ್ತದೆ.

ಹಾಗಾಗಿ ಒಂದು ಕೋರ್ಸ್ ಆರಿಸಿಕೊಂಡೆವು. ಒಪ್ಪಿದ ಕೆಲವು ವಿದ್ಯಾರ್ಥಿಗಳು ಪ್ರತಿ ವಾರ ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡುತ್ತಾ ಹೋದರು. ಪಾಠ ಮಾಡುವವರಿಂದಲೂ ಅವರ ಅಂದಾಜು ಮೊದಲೇ ಬರೆಸಿಕೊಂಡೆ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು. ನಲವತ್ತು ನಿಮಿಷದ ವಿಡಿಯೋಗೆ ಮೇಷ್ಟ್ರು ಹಾಕಿದ್ದು ಒಂದು ಗಂಟೆ. ಆದರೆ ಓದುವವರು ನಿಲ್ಲಿಸುತ್ತಾರೆ, ಹಿಂದೆ ಹೋಗುತ್ತಾರೆ, ನೋಟ್ಸ್ ಮಾಡಿಕೊಳ್ಳುತ್ತಾರೆ. ಎರಡು ಗಂಟೆ ಮೇಲಾಗುತ್ತಿತ್ತು. ಇಪ್ಪತ್ತು ಪುಟದ ಪ್ರಬಂಧ ಆ ಕ್ಷೇತ್ರದಲ್ಲೇ ಪಳಗಿದವರಿಗೆ ಒಂದು ಗಂಟೆಯ ಓದು. ಇಂಗ್ಲಿಷ್ ಮೂರನೇ ಭಾಷೆಯಾಗಿ, ಪುಸ್ತಕ ಬಿಟ್ಟು ಎಷ್ಟೋ ವರ್ಷ ಆದಮೇಲೆ ಮತ್ತೆ ಓದಲು ಕೂತವರಿಗೆ ಅರ್ಧ ದಿನವೇ ಬೇಕು.

ಆ ಲೆಕ್ಕ ಹಿಡಿದುಕೊಂಡು ಕೋರ್ಸ್ ತಂಡದ ಜೊತೆ ಕೂತೆವು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2015ರ ಸುಮಾರಿಗೆ ರೂಪಿಸಿದ ಎಬಿಸಿ ಎಂಬ ಪದ್ಧತಿ ಇಲ್ಲಿ ಕೈಹಿಡಿಯಿತು. ತೊಂಬತ್ತು ನಿಮಿಷದ ಕೆಲಸ. ಕಲಿಕೆಯ ಆರು ಬಗೆಗೆ ಆರು ಥರದ ಕಾರ್ಡ್‌ಗಳು: ಓದಿ ಕೇಳಿ ತಿಳಿಯುವುದು, ಹುಡುಕಿ ನೋಡುವುದು, ಚರ್ಚಿಸುವುದು, ಮಾಡಿ ಕಲಿಯುವುದು, ಜೊತೆಗೂಡಿ ಕೆಲಸ ಮಾಡುವುದು, ಏನನ್ನಾದರೂ ತಯಾರಿಸುವುದು. ತಂಡದವರು ಮೇಜಿನ ಮೇಲೆ ವಾರವಾರಕ್ಕೂ ಈ ಕಾರ್ಡ್‌ಗಳನ್ನು ಜೋಡಿಸುತ್ತಾ ಹೋಗಬೇಕು. ನಮ್ಮ ಮೇಜಿನ ಮೇಲೆ ಮೊದಲ ಐದು ವಾರ ಒಂದೇ ಥರದ ಕಾರ್ಡ್ ಸಾಲಾಗಿ ಬಿದ್ದಿತ್ತು. ಬರೀ ಓದು, ಬರೀ ವಿಡಿಯೋ. ಯಾರೂ ಯಾರನ್ನೂ ದೂರುವ ಅಗತ್ಯವೇ ಬರಲಿಲ್ಲ. ಪಾಠ ಮಾಡುವವರೇ ಎದ್ದು ನಿಂತು ಕಾರ್ಡ್ ಬದಲಾಯಿಸತೊಡಗಿದರು.

ಎರಡು ಪ್ರಬಂಧಗಳನ್ನು ತೆಗೆದೆವು. ಇನ್ನೊಂದನ್ನು ಪೂರ್ತಿ ಓದಿ ಅನ್ನುವ ಬದಲು, ಅಧ್ಯಯನ ಮಾಡಿದ ವಿಧಾನದ ಭಾಗ ಮಾತ್ರ ಓದಿ ಈ ಮೂರು ಪ್ರಶ್ನೆಗೆ ಉತ್ತರಿಸಿ ಅಂತ ಮಾಡಿದೆವು. ಪ್ರತಿ ಕೆಲಸದ ಪಕ್ಕ ಎಷ್ಟು ಹೊತ್ತು ಹಿಡಿಯಬಹುದು ಅಂತ ಬರೆದೆವು. ಹೀಗೆ ಮಾಡಿದರೆ ಮಟ್ಟ ಇಳಿಯುವುದಿಲ್ಲವೇ ಅಂತ ಹಿರಿಯ ಪ್ರಾಧ್ಯಾಪಕರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಕೋರ್ಸ್ ಮುಗಿದಾಗ ವಿದ್ಯಾರ್ಥಿಗೆ ಏನೇನು ಬರಬೇಕು ಎಂಬ ಪಟ್ಟಿ ಮುಂದಿಟ್ಟುಕೊಂಡು, ತೆಗೆದ ಪ್ರಬಂಧಗಳು ಅದರಲ್ಲಿ ಯಾವುದಕ್ಕೆ ಬೇಕಿತ್ತು ಅಂತ ಇಬ್ಬರೂ ಹುಡುಕಿದೆವು. ಒಂದಕ್ಕೂ ಬೇಕಿರಲಿಲ್ಲ. ಸುಮ್ನೆ ವರ್ಷದಿಂದ ವರ್ಷಕ್ಕೆ ಹಾಗೇ ಉಳಿದುಕೊಂಡು ಬಂದಿದ್ದವು.

ಇನ್ನು ಟ್ಯೂಟರ್‌ಗಳ ವಿಷಯ. ನನ್ನನ್ನು ಕೇಳಿದರೆ ದೂರಶಿಕ್ಷಣದ ಜೀವ ಇರುವುದು ಇಲ್ಲಿ. ವಿಡಿಯೋ ಎಷ್ಟು ಚೆಂದ ಇದೆ, ವೇದಿಕೆ ಯಾವುದು ಎಂಬುದೆಲ್ಲ ಆಮೇಲಿನ ಮಾತು. ವಿದ್ಯಾರ್ಥಿ ಬರೆದು ಕಳಿಸಿದ್ದನ್ನು ಒಬ್ಬ ಮನುಷ್ಯ ಗಮನವಿಟ್ಟು ಓದಿ, ಬೇಗ, ಕೆಲಸಕ್ಕೆ ಬರುವ ಮಾತು ಬರೆದು ಕಳಿಸಿದರೆ ಆ ವಿದ್ಯಾರ್ಥಿ ಕೋರ್ಸ್‌ನಲ್ಲಿ ಉಳಿಯುತ್ತಾರೆ.

ಈ ಪಾಠ ಇಂಟರ್ನೆಟ್‌ಗಿಂತ ಹಳೆಯದು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಗೆ ಸನ್ನದು ಸಿಕ್ಕಿದ್ದು 1969ರಲ್ಲಿ. ಟ್ಯೂಟರ್ ತಿದ್ದುವ ಅಸೈನ್‌ಮೆಂಟ್ ಅವರ ಪದ್ಧತಿಯ ಬೆನ್ನೆಲುಬು. ತಿದ್ದಿದ ಪತ್ರಿಕೆಗಳಲ್ಲಿ ಕೆಲವನ್ನು ಅನುಭವಸ್ಥರು ಮತ್ತೆ ನೋಡಿ, ಟ್ಯೂಟರ್ ಬರೆದ ಮಾತು ಹೇಗಿದೆ ಅಂತ ಹೇಳುತ್ತಾರೆ. ಅದೇ 1969ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲೂ ಅಂಚೆ ಶಿಕ್ಷಣ ಶುರುವಾಯಿತು. ಮುಂದೆ 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ನಮ್ಮ ಚಿಕ್ಕಮ್ಮ ಮೈಸೂರಿನಿಂದ ಹಾಗೆ ಬಿ.ಎ. ಮಾಡಿದವರು. ಅವರ ಉತ್ತರದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಅರ್ಧ ಪುಟ ಬರೆದುಕೊಟ್ಟ ಮೇಷ್ಟ್ರನ್ನು ಇವತ್ತಿಗೂ ನೆನೆಯುತ್ತಾರೆ.

ನಾವು ಮಾಡಿದ್ದು ಹೀಗೆ. ಹೆಸರು ತೆಗೆದ ಒಂದೇ ಅಸೈನ್‌ಮೆಂಟನ್ನು ಮೂವರು ಟ್ಯೂಟರ್‌ಗಳಿಗೆ ಕೊಟ್ಟು ಬೇರೆಬೇರೆಯಾಗಿ ತಿದ್ದಿಸಿದೆವು. ಇಲ್ಲಿ ಹತ್ತಕ್ಕೆ ಮಾರ್ಕ್ಸ್. ಒಬ್ಬರು ಎಂಟು ಕೊಟ್ಟಿದ್ದರು, ಇನ್ನೊಬ್ಬರು ಆರು. ಕೂತು ಮಾತಾಡಿದಾಗ ಕಾರಣ ಸಿಕ್ಕಿತು. ಅಳೆಯುವ ಪಟ್ಟಿಯಲ್ಲಿ "ಪುರಾವೆಯನ್ನು ವಿಮರ್ಶಾತ್ಮಕವಾಗಿ ಬಳಸಿದ್ದಾರೆ" ಅಂತ ಒಂದು ಸಾಲಿತ್ತು. ತುಂಬಾ ಮೂಲಗಳನ್ನು ಉಲ್ಲೇಖಿಸಿದ್ದಾರೆ ಅಂತ ಒಬ್ಬರು ಪೂರ್ತಿ ಮಾರ್ಕ್ಸ್ ಕೊಟ್ಟಿದ್ದರು. ಒಂದು ಅಧ್ಯಯನದ ಕೊರತೆಯನ್ನೂ ಹೇಳಿಲ್ಲವಲ್ಲ ಅಂತ ಇನ್ನೊಬ್ಬರು ಕಳೆದಿದ್ದರು. ಇಬ್ಬರೂ ಶ್ರದ್ಧೆಯಿಂದಲೇ ತಿದ್ದಿದ್ದರು. ಆ ಸಾಲನ್ನು ನಾವು ಹೀಗೆ ಬದಲಾಯಿಸಿದೆವು: "ಬಳಸಿದ ಅಧ್ಯಯನದ ಒಂದು ಮಿತಿಯನ್ನಾದರೂ ಹೇಳಿ, ಅದರಿಂದ ತಮ್ಮ ತೀರ್ಮಾನ ಎಷ್ಟು ಗಟ್ಟಿ ಎಂದು ತೋರಿಸಿದ್ದಾರೆ." ಈಗ ವಿದ್ಯಾರ್ಥಿಗೂ ಏನು ಮಾಡಬೇಕು ಅಂತ ಗೊತ್ತು, ಟ್ಯೂಟರ್‌ಗೂ ಏನು ಹುಡುಕಬೇಕು ಅಂತ ಗೊತ್ತು.

ಎರಡನೇ ವಾರದಲ್ಲೇ ಒಂದು ಪುಟದ ಬರಹ ಇಟ್ಟೆವು. ಮಾರ್ಕ್ಸ್ ಇಲ್ಲ. ಐದು ಕೆಲಸದ ದಿನಗಳೊಳಗೆ ಉತ್ತರ ಹೋಗಲೇಬೇಕು. "ಚೆನ್ನಾಗಿದೆ, ವಿಶ್ಲೇಷಣೆ ಇನ್ನೂ ಆಳವಾಗಬೇಕು" ಎಂಬಂಥ ಉತ್ತರ ಬೇಡ ಅಂತ ಟ್ಯೂಟರ್‌ಗಳೇ ಒಪ್ಪಿಕೊಂಡರು. ಅದನ್ನು ಓದಿ ಯಾರೂ ಏನನ್ನೂ ತಿದ್ದಿಕೊಳ್ಳಲು ಆಗುವುದಿಲ್ಲ. ಅದರ ಬದಲು ಈ ಥರ: "ಎರಡನೇ ಪ್ಯಾರಾದಲ್ಲಿ ಲಸಿಕೆ ಹಾಕಿಸಿಕೊಳ್ಳದವರು ಯಾರು ಅಂತ ನೀವು ಹೇಳಿಲ್ಲ. ವಯಸ್ಸು, ವಾಸದ ಜಾಗ, ಭಾಷೆ, ಇವುಗಳಲ್ಲಿ ಒಂದನ್ನು ಹಿಡಿದು ಆ ಪ್ಯಾರಾ ಮಾತ್ರ ಮತ್ತೆ ಬರೆಯಿರಿ." ಇಂಥ ಉತ್ತರ ಬರೆಯಲು ಹೊತ್ತು ಬೇಕು. ಹೊತ್ತು ಎಂದರೆ ದುಡ್ಡು. ಆನ್‌ಲೈನ್ ಆದರೆ ಖರ್ಚು ಕಡಿಮೆ ಎಂಬ ನಂಬಿಕೆ ಆಡಳಿತದವರಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಒಬ್ಬ ವಿದ್ಯಾರ್ಥಿಗೆ ಇಷ್ಟು ಗಂಟೆ ಅಂತ ಟ್ಯೂಟರ್‌ಗಳ ಕರಾರಿನಲ್ಲೇ ಬರೆಸಲು ನಾನು ಹಟ ಹಿಡಿದೆ. ಬಜೆಟ್ ಸಭೆಗಳಲ್ಲಿ ಅದಕ್ಕಾಗಿ ಜಗಳವನ್ನೇ ಆಡಿದ್ದೇನೆ. ಮುಂದೆಯೂ ಆಡುತ್ತೇನೆ.

ಸದ್ದಿಲ್ಲದೆ ದೂರವಾಗುವವರ ವಿಷಯವೂ ಇದೆ. ಕೆಲವು ದಿನ ಲಾಗಿನ್ ಆಗದವರ ಪಟ್ಟಿ ಕಂಪ್ಯೂಟರ್ ಕೊಡುತ್ತದೆ. ಪತ್ರ ಬರೆಯುವುದು ಮಾತ್ರ ಟ್ಯೂಟರ್, ತಮ್ಮ ಹೆಸರಿನಲ್ಲಿ. 2018ರ ಮೇ ತಿಂಗಳಿಂದ ಯುರೋಪಿನಲ್ಲಿ ಜನರ ಖಾಸಗಿ ಮಾಹಿತಿ ಕಾಪಾಡುವ ಜಿಡಿಪಿಆರ್ ಕಾನೂನು ಜಾರಿಯಲ್ಲಿದೆ. ನಾವು ಯಾವ ಡೇಟಾ ನೋಡುತ್ತೇವೆ, ಯಾತಕ್ಕೆ ನೋಡುತ್ತೇವೆ ಎಂಬುದನ್ನು ಮೊದಲ ವಾರವೇ ವಿದ್ಯಾರ್ಥಿಗಳಿಗೆ ಸರಳವಾಗಿ ಬರೆದು ತಿಳಿಸುತ್ತೇವೆ.

ವಿಡಿಯೋಗಳಿಗೆ ಸಬ್‌ಟೈಟಲ್ ಹಾಕುವುದು ಇಲ್ಲಿ ಕಾನೂನಿನ ಮಾತು. ತಾನಾಗಿಯೇ ಬರುವ ಸಬ್‌ಟೈಟಲ್ ರೋಗಗಳ, ಔಷಧಗಳ ಹೆಸರನ್ನು ಕೆಡಿಸುತ್ತದೆ. ಹಾಗಾಗಿ ಕೈಯಿಂದ ತಿದ್ದಿಸುತ್ತೇವೆ. ಕಿವಿ ಕೇಳದವರಿಗಷ್ಟೇ ಅಲ್ಲ, ಮಲಗಿರುವ ಮಗುವಿನ ಪಕ್ಕ ಕೂತು ಸದ್ದು ಬಂದ್ ಮಾಡಿ ನೋಡುವವರಿಗೂ ಅದೇ ಆಧಾರ.

ಪರೀಕ್ಷೆಯಲ್ಲಿ ನಾವು ಕ್ಯಾಮೆರಾ ಕಾವಲಿನ, ಅಂದರೆ ಮನೆಯಲ್ಲಿ ಕೂತು ಬರೆಯುವವರನ್ನು ಕ್ಯಾಮೆರಾದಲ್ಲಿ ನೋಡುತ್ತಿರುವ ದಾರಿ ಹಿಡಿಯಲಿಲ್ಲ. 2020ರಲ್ಲಿ ಇಂಥ ಕಾವಲಿನ ವಿರುದ್ಧ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪರಿಷತ್ತು ಕೋರ್ಟಿಗೆ ಹೋಗಿತ್ತು. ತೀರ್ಪು ವಿಶ್ವವಿದ್ಯಾಲಯದ ಪರವಾಗಿಯೇ ಬಂತು. ಆದರೂ ಕಾನೂನು ಬಿಡುತ್ತದೆ ಅಂದಮಾತ್ರಕ್ಕೆ ಮಾಡಬೇಕೆಂದೇನೂ ಇಲ್ಲ. ಒಬ್ಬ ತಾಯಿಯ ಅಡುಗೆಮನೆಯೊಳಕ್ಕೆ ಕ್ಯಾಮೆರಾ ಇಡಿಸಿ ನಾವು ಅಳೆಯುವುದಾದರೂ ಏನು? ನಮ್ಮಲ್ಲಿ ವಿದ್ಯಾರ್ಥಿ ತಾನು ಕೆಲಸ ಮಾಡುವ ಊರಿನ ಒಂದು ಆರೋಗ್ಯ ಸಮಸ್ಯೆ ಹಿಡಿದು ವರದಿ ಬರೆಯುತ್ತಾರೆ. ಆಮೇಲೆ ಹದಿನೈದು ನಿಮಿಷ ಆನ್‌ಲೈನ್‌ನಲ್ಲಿ ಅದರ ಬಗ್ಗೆ ಮಾತು. ಯಾಕೆ ಈ ಅಂಕಿಅಂಶ ತೆಗೆದುಕೊಂಡಿರಿ, ಯಾಕೆ ಅದನ್ನು ಬಿಟ್ಟಿರಿ ಅಂತ ಕೇಳಿದರೆ, ಬರೆದವರು ಯಾರೆಂಬುದು ಅಲ್ಲೇ ತಿಳಿಯುತ್ತದೆ.

ಹೊರಗಿನವರ ಕಣ್ಣು ಬೇಡ ಅಂತ ಅಲ್ಲ. ಯುರೋಪಿನ ದೂರಶಿಕ್ಷಣ ವಿಶ್ವವಿದ್ಯಾಲಯಗಳ ಒಕ್ಕೂಟ ಇಎಡಿಟಿಯು ಇ-ಎಕ್ಸಲೆನ್ಸ್ ಎಂಬ ಪ್ರಶ್ನಾವಳಿ ಮಾಡಿದೆ. ಆಡಳಿತದ ಧೋರಣೆಯಿಂದ ಹಿಡಿದು ವಿದ್ಯಾರ್ಥಿಗಳಿಗೆ ಸಿಗುವ ನೆರವಿನವರೆಗೆ ಆರು ವಿಭಾಗ. ಒಬ್ಬರೇ ಕೂತು ಅದನ್ನು ತುಂಬಿಸಿದರೆ ಏನೂ ಉಪಯೋಗವಿಲ್ಲ. ಟ್ಯೂಟರ್, ಆಡಳಿತದವರು, ತಾಂತ್ರಿಕ ಸಿಬ್ಬಂದಿ, ವಿದ್ಯಾರ್ಥಿಗಳು ಬೇರೆಬೇರೆಯಾಗಿ ತುಂಬಿಸಿ, ಎಲ್ಲಿ ಉತ್ತರ ಹೊಂದುವುದಿಲ್ಲವೋ ಅದನ್ನಷ್ಟೇ ಚರ್ಚೆಗೆ ಎತ್ತಿಕೊಂಡೆವು. "ವಿದ್ಯಾರ್ಥಿಗೆ ಸಹಾಯ ಎಲ್ಲಿ ಸಿಗುತ್ತದೆ ಎಂಬುದು ಸ್ಪಷ್ಟವಾಗಿದೆ" ಎಂಬುದಕ್ಕೆ ಆಡಳಿತದವರೆಲ್ಲ ಹೌದು ಅಂದಿದ್ದರು, ವಿದ್ಯಾರ್ಥಿಗಳಲ್ಲಿ ಬಹಳ ಜನ ಇಲ್ಲ ಅಂದಿದ್ದರು. ಆರು ಇಮೇಲ್ ವಿಳಾಸಗಳಿದ್ದ ಪುಟ ಹೋಗಿ ಒಂದೇ ವಿಳಾಸ ಬಂದದ್ದು ಆ ಚರ್ಚೆಯಿಂದ. ವಿದ್ಯಾರ್ಥಿಗಳೂ ಇರುವ ಕೋರ್ಸ್ ಸಮಿತಿಯ ಸಭೆ ಮಧ್ಯಾಹ್ನದಿಂದ ರಾತ್ರಿ ಎಂಟಕ್ಕೆ ಸರಿದದ್ದೂ ಹಾಗೆಯೇ. ಮಧ್ಯಾಹ್ನ ನಮ್ಮ ವಿದ್ಯಾರ್ಥಿಗಳು ಡ್ಯೂಟಿಯಲ್ಲಿರುತ್ತಾರೆ.

ಈಗ ಕೈಯಲ್ಲಿರುವ ಕೆಲಸ ಎಐ ಕುರಿತದ್ದು. ಎರಡನೇ ವಾರದ ಆ ಒಂದು ಪುಟವನ್ನು ಯಂತ್ರದಿಂದ ಬರೆಸಿ ಕಳಿಸಿದರೆ ಟ್ಯೂಟರ್‌ನ ಉತ್ತರ ಯಾರಿಗೆ ತಲುಪುತ್ತದೆ? ಮಾರ್ಕ್ಸ್ ಇಲ್ಲದ ಬರಹಕ್ಕೆ ಕಾವಲು ಹಾಕಲು ನನಗೆ ಇಷ್ಟವಿಲ್ಲ. ಬದಲಿಗೆ ಒಂದು ಕೋರ್ಸ್‌ನಲ್ಲಿ ಆ ಪುಟವನ್ನು ಬಾಯಲ್ಲಿ ಹೇಳಿ ಐದು ನಿಮಿಷದ ಆಡಿಯೋ ಕಳಿಸಲು ಬಿಟ್ಟಿದ್ದೇವೆ. ಡ್ಯೂಟಿಗೆ ಹೋಗುವ ದಾರಿಯಲ್ಲೇ ರೆಕಾರ್ಡ್ ಮಾಡಿ ಕಳಿಸುವವರಿದ್ದಾರೆ. ಕೇಳಿ ಉತ್ತರಿಸಲು ಟ್ಯೂಟರ್‌ಗಳಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಈಗ ಅವರಿಂದಲೇ ಬರೆಸುತ್ತಿದ್ದೇವೆ. ಆ ಲೆಕ್ಕ ಕೈಗೆ ಬಂದಮೇಲೆ ಮುಂದಿನ ವರ್ಷದ ಕರಾರಿನ ಗಂಟೆಗಳ ಮಾತುಕತೆ ಶುರು.