ಮಕ್ಕಳ ಕೋಚ್‌ನ ಹಿನ್ನೆಲೆ ವಿಚಾರಿಸುವುದು ಹೇಗೆ?

ಮಾರ್ಚ್ ಬಂತೆಂದರೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳಲ್ಲಿ, ಊರಿನ ಯುವಕ ಸಂಘಗಳಲ್ಲಿ ಬೇಸಿಗೆ ಶಿಬಿರದ ಗಡಿಬಿಡಿ. ಮೈದಾನ ಸಿಕ್ಕಿತು, ನೆಟ್ಸ್ ಬಂತು, ಟೀ ಶರ್ಟಿಗೆ ಸ್ಪಾನ್ಸರ್ ಕೂಡ ಒಪ್ಪಿದರು. ಕೋಚ್? ‘ನಮ್ಮ ಪರಿಚಯದವರೇ ಒಬ್ಬರಿದ್ದಾರೆ, ಜಿಲ್ಲಾ ಮಟ್ಟದಲ್ಲಿ ಆಡಿದ್ದಾರಂತೆ.’ ಅಲ್ಲಿಗೆ ಆಯ್ಕೆ ಮುಗಿಯಿತು.

ಹಾಗೆ ಮುಗಿಸಲು ಕಾನೂನು ಬಿಡುವುದಿಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ, ಅಂದರೆ ಪೋಕ್ಸೊ. ಅದರ 2020ರ ನಿಯಮಗಳಲ್ಲಿ ಶಾಲೆಗಳ ಜತೆಗೆ ಕ್ರೀಡಾ ಅಕಾಡೆಮಿಗಳ ಹೆಸರೂ ಇದೆ. ಮಕ್ಕಳ ಸಂಪರ್ಕಕ್ಕೆ ಬರುವ ಸಿಬ್ಬಂದಿ ಕಾಯಂ ಇರಲಿ, ಗುತ್ತಿಗೆ ಇರಲಿ, ಪೊಲೀಸ್ ವೆರಿಫಿಕೇಶನ್ ಮತ್ತು ಹಿನ್ನೆಲೆ ಪರಿಶೀಲನೆ ಆಗಲೇಬೇಕು. ಅದನ್ನು ಆಗಾಗ ಮತ್ತೆ ಮಾಡಿಸಬೇಕು. ಸಂಬಳವಿಲ್ಲದೆ ಬರುವ ಸ್ವಯಂಸೇವಕರ ಬಗ್ಗೆ ಆ ಸಾಲು ಬಿಡಿಸಿ ಹೇಳಿಲ್ಲ, ನಿಜ. ಅದನ್ನೇ ನೆಪ ಮಾಡಿಕೊಳ್ಳಬೇಡಿ.

ಪಟ್ಟಿ ಮಾಡಿ

ಮುಖ್ಯ ಕೋಚ್ ಒಬ್ಬರನ್ನೇ ನೋಡಿದರೆ ಸಾಲದು. ಬೆಳಗಿನ ಬ್ಯಾಚಿಗೆ ಸಹಾಯಕ್ಕೆ ಬರುವ ಕಾಲೇಜು ಹುಡುಗ, ಫಿಸಿಯೊ, ವ್ಯಾನ್ ಚಾಲಕ, ಡ್ರೆಸ್ಸಿಂಗ್ ರೂಮಿನ ಬೀಗ ತೆಗೆಯುವವರು, ಪರಊರಿನ ಟೂರ್ನಿಗೆ ತಂಡವನ್ನು ಕರೆದುಕೊಂಡು ಹೋಗುವ ಯಾರದೋ ಅಪ್ಪ, ಎಲ್ಲರೂ ಪಟ್ಟಿಯಲ್ಲಿರಲಿ. ಸಂಘದ ಅಧ್ಯಕ್ಷರ ಭಾಮೈದನೂ ಇರಲಿ. ಎಲ್ಲರನ್ನೂ ಕೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ. ಒಬ್ಬರನ್ನೇ ಕೇಳಿದಾಗ ‘ನನ್ನ ಮೇಲೆ ಅನುಮಾನವಾ?’ ಎಂಬ ಮಾತು ಬರುತ್ತದೆ. ಇಂಗ್ಲೆಂಡ್‌ನಲ್ಲಿ ಮಕ್ಕಳ ಕ್ರಿಕೆಟ್ ತಂಡಕ್ಕೆ ಕೋಚಿಂಗ್ ಕೊಡುವ ಕನ್ನಡಿಗರೂ ಡಿಬಿಎಸ್ ಎಂಬ ಅಪರಾಧ ದಾಖಲೆಯ ತಪಾಸಣೆ ಮುಗಿಸಿಯೇ ಮೈದಾನಕ್ಕೆ ಇಳಿಯುವುದು. ಆಸ್ಟ್ರೇಲಿಯಾದಲ್ಲೂ ಇಂಥದ್ದೇ ವ್ಯವಸ್ಥೆ ಇದೆ.

ಅರ್ಜಿ ಬರೆಸಿಕೊಳ್ಳಿ

ಬಾಯಿಮಾತು ಬೇಡ. ಪೂರ್ತಿ ಹೆಸರು, ಹಿಂದೆ ಇದ್ದ ವಿಳಾಸಗಳು, ಕಳೆದ ಐದು ವರ್ಷ ಎಲ್ಲೆಲ್ಲಿ ಕೆಲಸ ಮಾಡಿದರು, ಯಾಕೆ ಬಿಟ್ಟರು, ಕೇಸು ಏನಾದರೂ ಇದೆಯಾ, ಇಷ್ಟನ್ನು ಬರೆದು ಸಹಿ ಹಾಕಲಿ. ವಿಚಾರಿಸಲು ಒಪ್ಪಿಗೆ ಇದೆ ಎಂಬ ಸಾಲೂ ಇರಲಿ. ಮಧ್ಯೆ ಎಂಟು ತಿಂಗಳು ಖಾಲಿ ಕಂಡರೆ ಕೇಳಿ. ಕಾರಣ ಮಾಮೂಲಿಯೇ ಇರಬಹುದು.

ಅರ್ಹತಾ ಪತ್ರಗಳ ಮೂಲ ಪ್ರತಿಯನ್ನೇ ನೋಡಿ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ, ಬಿಸಿಸಿಐನ ಲೆವೆಲ್ ಕೋರ್ಸ್, ಫುಟ್‌ಬಾಲ್ ಆದರೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ (ಎಐಎಫ್‌ಎಫ್) ಲೈಸೆನ್ಸ್ ಎಂದು ಹೇಳಿಕೊಂಡಿದ್ದರೆ, ಕೊಟ್ಟ ಸಂಸ್ಥೆಗೆ ಒಂದು ಇಮೇಲ್ ಹಾಕಿ ಖಚಿತ ಮಾಡಿಕೊಳ್ಳಬಹುದು. ಆದರೆ ಇವೆಲ್ಲ ಆಟ ಕಲಿಸಲು ಬರುತ್ತದೆ ಎಂಬುದಕ್ಕಷ್ಟೇ ಸಾಕ್ಷಿ.

ಪೊಲೀಸ್ ವೆರಿಫಿಕೇಶನ್

ಕರ್ನಾಟಕದಲ್ಲಿ ಸೇವಾ ಸಿಂಧು ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ಪ್ರಮಾಣಪತ್ರ ಕೈಗೆ ಬರುವವರೆಗೆ ಮಕ್ಕಳ ಜತೆ ಒಬ್ಬರೇ ಇರುವ ಕೆಲಸ ಕೊಡಬೇಡಿ. ಈಚೆಗಷ್ಟೇ ಬೇರೆ ರಾಜ್ಯದಿಂದ ಬಂದವರಾದರೆ ಅಲ್ಲಿಯದನ್ನೂ ಕೇಳಿ.

ಈ ಕಾಗದ ಬಂದ ಕೂಡಲೇ ನಿರಾಳವಾಗುವುದೇ ದೊಡ್ಡ ತಪ್ಪು. ಪೊಲೀಸರ ದಾಖಲೆಯಲ್ಲಿ ಇರುವುದನ್ನಷ್ಟೇ ಅದು ಹೇಳಬಲ್ಲದು. ‘ನಾವೇ ಆನ್‌ಲೈನ್‌ನಲ್ಲಿ ಹುಡುಕುತ್ತೇವೆ’ ಎನ್ನುವವರೂ ಇದ್ದಾರೆ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಡೇಟಾಬೇಸ್ 2018ರಿಂದ ಇದೆ, ಆದರೆ ಅದು ಪೊಲೀಸರಂಥ ತನಿಖಾ ಸಂಸ್ಥೆಗಳ ಕೈಯಲ್ಲಿ ಮಾತ್ರ. ಎಫ್‌ಐಆರ್‌ಗಳನ್ನು ವೆಬ್‌ಸೈಟಿಗೆ ಹಾಕಬೇಕು ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಲೈಂಗಿಕ ಅಪರಾಧ ಮತ್ತು ಪೋಕ್ಸೊ ಪ್ರಕರಣಗಳಿಗೆ ವಿನಾಯಿತಿ ಕೊಟ್ಟಿತು. ಅಂದರೆ ನೀವು ಹುಡುಕುವಂಥ ಕೇಸೇ ಅಲ್ಲಿ ಸಿಗುವುದಿಲ್ಲ. ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲೆ, ಹೆಸರು, ವರ್ಷ ಕೊಟ್ಟು ನೋಡಬಹುದು. ಏನೂ ಸಿಗಲಿಲ್ಲ ಎಂದರೆ ಏನೂ ಇಲ್ಲ ಎಂದು ತಿಳಿಯಬೇಡಿ. ಸಿಕ್ಕರೂ ಅದೇ ಹೆಸರಿನ ಇನ್ನೊಬ್ಬರಿರಬಹುದು. ಸಿಕ್ಕ ಕೇಸು ಯಾವ ಬಗೆಯದು ಎಂದೂ ನೋಡಿ. ಜಮೀನಿನ ತಗಾದೆಗೂ ಮಕ್ಕಳಿಗೂ ಸಂಬಂಧವಿಲ್ಲ, ಅಲ್ವಾ?

ಹಳೆಯ ಜಾಗಕ್ಕೆ ಫೋನ್ ಮಾಡಿ

ನನ್ನ ಕೇಳಿದರೆ, ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ಇದೇ. ಇದನ್ನೇ ಹೆಚ್ಚಿನವರು ಬಿಡುವುದು. ನಮ್ಮಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೂರುಗಳು ಎಷ್ಟೋ ಸಲ ಠಾಣೆಯವರೆಗೆ ಹೋಗುವುದೇ ಇಲ್ಲ. ಮನೆಯವರಿಗೆ ಮರ್ಯಾದೆಯ ಚಿಂತೆ, ಅಕಾಡೆಮಿಗೆ ಹೆಸರಿನ ಚಿಂತೆ. ಕೋಚ್‌ನನ್ನು ‘ನಾಳೆಯಿಂದ ಬರಬೇಡಿ’ ಎಂದು ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಆತ ಇನ್ನೊಂದು ಬಡಾವಣೆಯ ಮೈದಾನದಲ್ಲಿ ಸೀಟಿ ಊದುತ್ತಾನೆ. ಪೊಲೀಸ್ ದಾಖಲೆ ಸ್ವಚ್ಛವಾಗಿಯೇ ಇರುತ್ತದೆ.

ಅರ್ಜಿಯಲ್ಲಿ ಕೊಟ್ಟ ನಂಬರ್ ಅವರ ಗೆಳೆಯನದೇ ಇರಬಹುದು. ಅಕಾಡೆಮಿಯ ನಂಬರನ್ನು ನೀವೇ ಹುಡುಕಿ. ಅಲ್ಲಿಯ ಮುಖ್ಯಸ್ಥರ ಜತೆ ಮಾತಾಡಿ, ಆದರೆ ಒಬ್ಬ ಪೋಷಕರ ಜತೆಗೂ ಮಾತಾಡಿ. ‘ಹೇಗೆ ಮನುಷ್ಯ?’ ಎಂದರೆ ‘ಒಳ್ಳೆಯವರು’ ಎಂಬ ಉತ್ತರವೇ ಬರುವುದು. ನೇರವಾಗಿ ಕೇಳಬೇಕು. ಯಾವಾಗ ಸೇರಿದರು, ಯಾವಾಗ ಬಿಟ್ಟರು? ತಾವೇ ಬಿಟ್ಟರಾ, ನೀವು ಬಿಡಿಸಿದಿರಾ? ಮಕ್ಕಳ ಅಥವಾ ಪೋಷಕರ ಕಡೆಯಿಂದ ಬಾಯಿಮಾತಿನ ದೂರಾದರೂ ಬಂದಿತ್ತಾ? ಮಕ್ಕಳಿಗೆ ಹೊಡೆಯುತ್ತಿದ್ದರಾ? ಕೊನೆಗೆ: ಮತ್ತೆ ಬರುತ್ತೇನೆ ಎಂದರೆ ಸೇರಿಸಿಕೊಳ್ಳುತ್ತೀರಾ?

ಈ ಕೊನೆಯ ಪ್ರಶ್ನೆಗೆ ಸುಳ್ಳು ಹೇಳುವುದು ಕಷ್ಟ. ‘ಅದು ಬಿಡಿ ಸಾರ್’ ಎಂದರೆ ಬಿಡಬೇಡಿ. ಯಾಕೆ ಎಂದು ಇನ್ನೊಮ್ಮೆ ಕೇಳಿ. ಯಾರು ಏನು ಹೇಳಿದರು ಎಂದು ತಾರೀಕಿನ ಜತೆ ಬರೆದಿಡಿ. ಗಾಳಿಮಾತು ಎನಿಸಿದರೆ ಇನ್ನೊಬ್ಬರನ್ನು ಕೇಳಿ, ಕೋಚ್‌ಗೂ ಉತ್ತರಿಸಲು ಅವಕಾಶ ಕೊಡಿ. ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಮಾತ್ರ ಹಾಕಬೇಡಿ.

ಸೇರಿಸಿಕೊಂಡ ಮೇಲೆ

ಇಷ್ಟೆಲ್ಲ ಮಾಡಿದರೂ ಯಾರೋ ಒಬ್ಬರು ನುಸುಳಬಹುದು. ಹಾಗಾಗಿ ಮೈದಾನದ ನಿಯಮಗಳು ಮೊದಲೇ ಇರಲಿ. ಮುಚ್ಚಿದ ಕೋಣೆಯಲ್ಲಿ ಒಂದು ಮಗು, ಒಬ್ಬ ಕೋಚ್ ಎಂಬುದು ಇರಲೇಬಾರದು. ಮಕ್ಕಳಿಗೆ ಖಾಸಗಿ ಮೆಸೇಜ್ ಇಲ್ಲ. ಪೋಷಕರಿರುವ ಗುಂಪಿನಲ್ಲೇ ಎಲ್ಲ ಮಾತು. ಡ್ರೆಸ್ಸಿಂಗ್ ರೂಮಿನಲ್ಲಿ ಫೋನ್ ಇಲ್ಲ. ಪ್ರವಾಸದಲ್ಲಿ ಇಬ್ಬರು ದೊಡ್ಡವರು ಬೇಕು, ಹುಡುಗಿಯರಿದ್ದರೆ ಒಬ್ಬ ಮಹಿಳೆ ಬೇಕೇಬೇಕು. ಮಕ್ಕಳ ರೂಮಿನಲ್ಲಿ ಕೋಚ್ ಮಲಗುವಂತಿಲ್ಲ. ಪೋಷಕರು ಯಾವಾಗ ಬೇಕಾದರೂ ಬಂದು ನೋಡಬಹುದು. ‘ಪೋಷಕರು ಬಂದರೆ ಮಕ್ಕಳ ಗಮನ ಹಾಳಾಗುತ್ತದೆ’ ಎಂದು ಗೇಟು ಮುಚ್ಚುವ ಕೋಚ್‌ಗಳ ಬಗ್ಗೆ ನನಗಂತೂ ಅನುಮಾನವೇ. ಈ ನಿಯಮಗಳನ್ನು ಮೊದಲ ದಿನವೇ ಮಕ್ಕಳಿಗೂ ಹೇಳಿ. ಯಾರಾದರೂ ಮುರಿದರೆ ಮೊದಲು ಗೊತ್ತಾಗುವುದು ಅವರಿಗೇ.

ದೂರು ಬಂದರೆ

ಸಂಘದೊಳಗೇ ಪಂಚಾಯಿತಿ ಮಾಡುವಂತಿಲ್ಲ. ಲೈಂಗಿಕ ದೌರ್ಜನ್ಯದ ಅನುಮಾನ ಬಂದರೂ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್. ತನ್ನ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. 112ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸಬೇಡಿ. ಅದು ಹೇಳಿದ ಮಾತನ್ನು ಹಾಗೇ ಬರೆದುಕೊಳ್ಳಿ. ಹೆಸರು, ಫೋಟೊ, ಯಾವ ಬ್ಯಾಚ್ ಎಂಬುದು ಹೊರಗೆ ಹೋಗದಂತೆ ನೋಡಿಕೊಳ್ಳಿ. ತನಿಖೆ ಮುಗಿಯುವವರೆಗೆ ಆ ಕೋಚ್ ಮೈದಾನದಿಂದ ಹೊರಗಿರಲಿ, ಎಷ್ಟೇ ದೊಡ್ಡ ಟೂರ್ನಿ ಹತ್ತಿರವಿದ್ದರೂ.