ನನ್ನ ಸಣ್ಣ ಕಾರು 1,78,000 ಕಿಲೋಮೀಟರ್ ಓಡಿದ ಬಗೆ

ನನ್ನದು 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಹ್ಯಾಚ್‌ಬ್ಯಾಕ್. ಮ್ಯಾನುವಲ್ ಗೇರು, ಟರ್ಬೊ ಇಲ್ಲ. ತಗೊಂಡಾಗ ಅದಕ್ಕೆ 3 ವರ್ಷ ಆಗಿತ್ತು, 41,000 ಕಿ.ಮೀ. ಓಡಿತ್ತು. ನನ್ನ ಹತ್ತಿರ ಬಂದು 11 ವರ್ಷವಾಯಿತು, ಮೀಟರ್ ಈಗ 1,78,000 ದಾಟಿದೆ. ಎಂಜಿನ್ ಇನ್ನೂ ಬಿಚ್ಚಿಲ್ಲ. ಗೇರ್‌ಬಾಕ್ಸ್ ಇಳಿಸಿದ್ದು ಒಂದೇ ಸಲ, ಕ್ಲಚ್ ಪ್ಲೇಟ್ ಹಾಕಿಸಲು, ಅದು 1,32,000ದಲ್ಲಿ. ಹೊರಗೆ ಹೋದಾಗ ಸ್ಟಾರ್ಟ್ ಆಗದೆ ಕೈಕೊಟ್ಟಿದ್ದೂ ಒಂದೇ ಸಲ. ಅದನ್ನು ಆಮೇಲೆ ಹೇಳುತ್ತೇನೆ.

ಇದಕ್ಕೆಲ್ಲ ಕಾರಣ ಒಳ್ಳೆ ಕಾರು ಸಿಕ್ಕಿದ್ದು ಅಂತ ಸುಲಭವಾಗಿ ಹೇಳಿಬಿಡಬಹುದು. ಅರ್ಧ ನಿಜ. ಇನ್ನರ್ಧ ಅದರ ಗ್ಲೋವ್‌ಬಾಕ್ಸಿನಲ್ಲಿರುವ ಒಂದು ನೋಟ್‌ಬುಕ್ಕಿನಲ್ಲಿದೆ.

ಮೊದಲು ಆರಿಸಿದ ಬಗೆ ಹೇಳುತ್ತೇನೆ. ನೋಡಲು ಬರುವುದಕ್ಕೆ ಮುಂಚೆ ಕಾರು ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಮೊದಲೇ ಹೇಳುತ್ತಿದ್ದೆ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಒಂದು ಕಡೆ ಬಾನೆಟ್ ಬೆಚ್ಚಗಿತ್ತು, ಅಲ್ಲಿಂದಲೇ ವಾಪಸ್ ಬಂದೆ. ತಣ್ಣಗಿರುವ ಎಂಜಿನ್ ಮೊದಲ ಸಲ ಎದ್ದಾಗ ಮಾಡುವ ಸದ್ದು, ಬಿಡುವ ಹೊಗೆ, ಇವೆರಡೂ ಸುಳ್ಳು ಹೇಳುವುದಿಲ್ಲ. ಬಿಸಿಯಾದ ಮೇಲೆ ಎಷ್ಟೋ ದೋಷ ಅಡಗಿ ಹೋಗುತ್ತವೆ. ಆಮೇಲೆ ಟೈರ್. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2314 ಅಂತಿದ್ದರೆ 2014ರ 23ನೇ ವಾರದಲ್ಲಿ ಮಾಡಿದ್ದು ಅಂತ ಅರ್ಥ. ಮೀಟರ್ 30,000 ಅಂತ ತೋರಿಸುತ್ತಿದೆ, ಆದರೆ ನಾಲ್ಕೂ ಟೈರ್ ಕಾರಿಗಿಂತ ಎರಡು ವರ್ಷ ಹೊಸವು ಅಂದರೆ ಯಾಕೆ ಅಂತ ಕೇಳಲೇಬೇಕು. ನಾನು ತಗೊಂಡ ಕಾರಿನಲ್ಲಿ ನಾಲ್ಕೂ ಟೈರ್ ಕಾರಿನ ಜೊತೆಗೇ ಬಂದವು, ಸವೆತವೂ 41,000ಕ್ಕೆ ಹೊಂದುತ್ತಿತ್ತು. ಆಯಿಲ್ ಹಾಕುವ ಮುಚ್ಚಳ ತೆಗೆದು ಕೆಳಭಾಗ ನೋಡಿದೆ, ಹಾಲಿನ ಕೆನೆಯಂಥದ್ದು ಏನೂ ಅಂಟಿರಲಿಲ್ಲ, ಅಂದರೆ ಆಯಿಲಿಗೆ ನೀರು ಸೇರಿದ ಗುರುತಿರಲಿಲ್ಲ. ಸರ್ವಿಸ್ ದಾಖಲೆ ಪೂರ್ತಿ ಇತ್ತು. ಬಣ್ಣದಲ್ಲಿ ಎರಡು ಗೀರು ಇದ್ದವು, ಅದರ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಸಣ್ಣ ಕಾರು ಸಾಕಾಗುತ್ತಾ ಅಂತ ಮನೆಯಲ್ಲಿ ಅನುಮಾನವಿತ್ತು. ಕೂತು ನೋಡಿದ ಮೇಲೆ ಹೋಯಿತು. ಇದಕ್ಕೆ ನಾವು 1959ರ ಮಿನಿ ಕಾರಿಗೆ, ಅದನ್ನು ರೂಪಿಸಿದ ಅಲೆಕ್ ಇಸಿಗೋನಿಸ್ ಅವರಿಗೆ ಋಣಿಗಳು. ಅವರು ಎಂಜಿನ್ನನ್ನು ಉದ್ದಕ್ಕೆ ಇಡದೆ ಅಡ್ಡಕ್ಕೆ ಇಟ್ಟು, ಮುಂದಿನ ಚಕ್ರಗಳಿಗೇ ಶಕ್ತಿ ಕೊಟ್ಟರು. ಯಂತ್ರಕ್ಕೆ ಬೇಕಾದ ಜಾಗ ಕಡಿಮೆಯಾಯಿತು, ಜನಕ್ಕೆ ಸಿಗುವ ಜಾಗ ಜಾಸ್ತಿಯಾಯಿತು. ಇವತ್ತಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಅದೇ ದಾರಿಯಲ್ಲಿವೆ. ಹಿಂದಿನ ಸೀಟು ಮಡಚಿದರೆ ನನ್ನ ಕಾರಿನಲ್ಲಿ ಬಟ್ಟೆ ಒಗೆಯುವ ಮೆಷಿನ್ ಬಂದಿದೆ.

ಈಗ ನೋಟ್‌ಬುಕ್. ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗ ಒಂದು ಸಾಲು: ತಾರೀಕು, ಮೀಟರ್, ಎಷ್ಟು ಲೀಟರ್. ಟ್ಯಾಂಕ್ ತುಂಬಿ ನಳಿಕೆ ಮೊದಲ ಸಲ ಟಕ್ ಅಂತ ತಾನೇ ನಿಂತಾಗ ನಿಲ್ಲಿಸಬೇಕು, ಆಮೇಲೆ ಇನ್ನೊಂಚೂರು ಅಂತ ಒತ್ತಬಾರದು. ಮುಂದಿನ ಸಲವೂ ಹಾಗೇ. ಓಡಿದ ದೂರವನ್ನು ಹಾಕಿದ ಲೀಟರಿನಿಂದ ಭಾಗಿಸಿದರೆ ಮೈಲೇಜ್ ಬಂತು. 418 ಕಿ.ಮೀ.ಗೆ 23.2 ಲೀಟರ್ ಅಂದರೆ ಲೀಟರಿಗೆ 18 ಕಿ.ಮೀ. ಡ್ಯಾಶ್‌ಬೋರ್ಡೇ ತೋರಿಸುತ್ತಲ್ವಾ ಅಂತ ಕೇಳಬಹುದು. ನನ್ನದು ಯಾವಾಗಲೂ ಒಂದು ಕಿಲೋಮೀಟರ್ ಜಾಸ್ತಿಯೇ ತೋರಿಸುತ್ತದೆ. ಒಂದು ಟ್ಯಾಂಕಿನ ಲೆಕ್ಕ ಹೆಚ್ಚು ಕಡಿಮೆಯಾಗುತ್ತೆ, ಅದರ ಮೇಲೆ ಏನೂ ತೀರ್ಮಾನ ಮಾಡಬೇಡಿ. ಮೂರು ನಾಲ್ಕು ಟ್ಯಾಂಕ್ ಸಾಲಾಗಿ ಒಂದೇ ಕಡೆ ಇಳಿಯುತ್ತಿದ್ದರೆ ಕಾರು ಏನೋ ಹೇಳುತ್ತಿದೆ.

ನನಗೆ ಅದು ಹೇಳಿದ್ದು ಆರನೇ ವರ್ಷದಲ್ಲಿ. 18ರ ಆಸುಪಾಸಿನಲ್ಲೇ ಇದ್ದದ್ದು 16.9 ಆಯಿತು, ಆಮೇಲೆ 16.1, ಆಮೇಲೆ 15.4. ಅದೇ ದಾರಿ, ಅದೇ ಡ್ರೈವಿಂಗ್. ಕಾರು ಓಡಿಸುವಾಗ ಏನೂ ಗೊತ್ತಾಗುತ್ತಿರಲಿಲ್ಲ, ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಿಧಾನಕ್ಕೆ ಬರುವ ಬದಲಾವಣೆಗೆ ನಮ್ಮ ಕಾಲು ಕೈ ಒಗ್ಗಿಕೊಂಡುಬಿಡುತ್ತವೆ. ಟೈರಿನ ಗಾಳಿ ನೋಡಿದೆ, ಸರಿಯಿತ್ತು. ಏರ್ ಫಿಲ್ಟರ್ ಚೆನ್ನಾಗಿತ್ತು. ಸ್ಪಾರ್ಕ್ ಪ್ಲಗ್ ಬದಲಿಸಿ ವರ್ಷವೂ ಆಗಿರಲಿಲ್ಲ. ಕೊನೆಗೆ ಒಂದು ದಿನ ಅರ್ಧ ಗಂಟೆ ಓಡಿಸಿ, ಬ್ರೇಕ್ ಆದಷ್ಟು ಒತ್ತದೆ ಬಂದು ನಿಲ್ಲಿಸಿ, ಒಂದೊಂದು ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿದೆ, ಮುಟ್ಟದೆ. ಮುಂದಿನ ಎಡ ಚಕ್ರದಿಂದ ಒಲೆಯ ಹಾಗೆ ಕಾವು ಬರುತ್ತಿತ್ತು.

ಕಾರಣ ಬ್ರೇಕ್ ಕ್ಯಾಲಿಪರ್, ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಪ್ಯಾಡ್‌ಗಳಿಂದ ಒತ್ತಿ ಹಿಡಿಯುವ ಭಾಗ. ಅದು ಜಾರುವ ಪಿನ್ನಿನ ಗ್ರೀಸ್ ಒಣಗಿ, ತುಕ್ಕು ಹಿಡಿದು, ಪೆಡಲ್‌ನಿಂದ ಕಾಲು ತೆಗೆದರೂ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇತ್ತು. ಅಂದರೆ ವಾರಗಟ್ಟಲೆ ನಾನು ಅರೆಬರೆ ಬ್ರೇಕ್ ಹಿಡಿದುಕೊಂಡೇ ಕಾರು ಓಡಿಸಿದ್ದೆ. ಒಳಗಿನ ಪ್ಯಾಡ್ ಹೊರಗಿನದರ ಅರ್ಧದಷ್ಟು ದಪ್ಪ ಉಳಿದಿತ್ತು. ಪಿನ್ ತೆಗೆದು, ತುಕ್ಕು ಉಜ್ಜಿ, ಬ್ರೇಕಿಗೇ ಅಂತ ಸಿಗುವ ಕಾವು ತಡೆಯುವ ಗ್ರೀಸ್ ಹಚ್ಚಿ, ಎರಡೂ ಕಡೆ ಹೊಸ ಪ್ಯಾಡ್ ಹಾಕಿಸಿದೆ. ಮುಂದಿನ ಟ್ಯಾಂಕಿಗೆ 17.8. ಇನ್ನೂ ಹಾಗೇ ಬಿಟ್ಟಿದ್ದರೆ ಡಿಸ್ಕ್ ಕೆಡುತ್ತಿತ್ತು, ಬ್ರೇಕ್ ಆಯಿಲ್ ಕುದಿಯುವ ಮಟ್ಟಕ್ಕೂ ಹೋಗಬಹುದಿತ್ತು. ಅವತ್ತಿನಿಂದ ಎರಡು ವರ್ಷಕ್ಕೊಮ್ಮೆ ಪಿನ್ ಬಿಚ್ಚಿ ಗ್ರೀಸ್ ಹಾಕಿಸುತ್ತೇನೆ, ಬ್ರೇಕ್ ಆಯಿಲ್ ಬದಲಿಸುವ ದಿನವೇ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ತೇವ ಹೆಚ್ಚಿದಷ್ಟೂ ಬೇಗ ಕುದಿಯುತ್ತದೆ. ಕಣ್ಣಿಗೆ ಚೆನ್ನಾಗಿ ಕಂಡರೂ ಅದರ ಆಯಸ್ಸು ಮುಗಿದಿರಬಹುದು. ಇದರಲ್ಲಿ ಉಳಿತಾಯ ಮಾಡಬೇಡಿ.

ಟೈರಿನ ಗಾಳಿ ತಿಂಗಳಿಗೆ ಎರಡು ಸಲ, ಬೆಳಿಗ್ಗೆ, ಕಾರು ಅಲ್ಲಾಡಿಸುವ ಮೊದಲು ನೋಡುತ್ತೇನೆ. ಓಡಿದ ಮೇಲೆ ಟೈರ್ ಬಿಸಿಯಾಗಿ ಒಳಗಿನ ಒತ್ತಡ ಏರಿರುತ್ತದೆ, ಆಗ ನೋಡಿದ ಅಂಕಿ ನಂಬಬಾರದು. ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲ ಪಕ್ಕದ ಕಂಬದ ಸ್ಟಿಕ್ಕರಿನಲ್ಲಿದೆ, ಎಲ್ಲರೂ ಸೀಟು ತುಂಬಿ ಸಾಮಾನು ಹೇರಿದಾಗ ಬೇರೆ ಅಂಕಿ. ಟೈರಿನ ಮೇಲೆ ಬರೆದಿರುವುದು ಆ ಟೈರ್ ತಡೆಯುವ ಗರಿಷ್ಠ, ನಿಮ್ಮ ಕಾರಿಗೆ ಬೇಕಾದದ್ದಲ್ಲ. ಇದನ್ನು ಗೊಂದಲ ಮಾಡಿಕೊಳ್ಳುವವರು ತುಂಬಾ ಜನ.

ಡ್ರೈವಿಂಗಿನಲ್ಲಿ ಮೈಲೇಜ್ ಉಳಿಸುವ ಬಗ್ಗೆ ನೂರು ಮಾತು ಕೇಳಿದ್ದೇನೆ, ನನ್ನ ಪುಸ್ತಕದಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ತಂದದ್ದು ಎರಡೇ. ಒಂದು, ಹೆದ್ದಾರಿಯ ವೇಗ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, 80ರಿಂದ 100ಕ್ಕೆ ಹೋದರೆ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಸಣ್ಣ ಎಂಜಿನ್ನಿಗೆ ಅದು ದೊಡ್ಡ ಹೊರೆ. 80–85ರಲ್ಲಿ ಹೋದ ದೂರದ ಪ್ರಯಾಣಗಳಲ್ಲಿ ನನಗೆ 21ರವರೆಗೆ ಸಿಕ್ಕಿದೆ, 110ರಲ್ಲಿ ಹೋದಾಗ 17. ಎರಡನೆಯದು, ತುಣುಕು ಓಡಾಟ ಕಡಿಮೆ ಮಾಡಿದ್ದು. ಎಂಜಿನ್ ತಣ್ಣಗಿರುವಾಗ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಅದು ಬಿಸಿಯಾಗುವ ಹೊತ್ತಿಗೆ ನಾವು ಇಳಿದಿರುತ್ತೇವೆ. ಜೊತೆಗೆ ಆಯಿಲ್ ಪೂರ್ತಿ ಬಿಸಿಯಾಗದೆ ಅದರಲ್ಲಿ ಸೇರಿದ ನೀರಿನ ಅಂಶ ಆವಿಯಾಗಿ ಹೋಗುವುದಿಲ್ಲ. ಒಂದು ಕಿಲೋಮೀಟರ್ ಒಳಗಿನ ಕೆಲಸಕ್ಕೆ ಈಗ ನಡೆದು ಹೋಗುತ್ತೇನೆ, ಉಳಿದದ್ದನ್ನು ಒಂದೇ ಸುತ್ತಿನಲ್ಲಿ ಮುಗಿಸುತ್ತೇನೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವವರಿಗೆ ಒಂದು ಮಾತು. ಈಗಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ, ವೇಗ ಸಾಕಷ್ಟಿರುವವರೆಗೆ ಪೆಟ್ರೋಲ್ ಪೂರ್ತಿ ನಿಂತುಬಿಡುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ತಾನು ಆರದಿರಲು ಪೆಟ್ರೋಲ್ ಉರಿಸಲೇಬೇಕು. ಅಂದರೆ ನ್ಯೂಟ್ರಲ್‌ನಲ್ಲಿ ಖರ್ಚೂ ಜಾಸ್ತಿ, ಎಂಜಿನ್ ಕೊಡುವ ಹಿಡಿತವೂ ಹೋಗಿ ಎಲ್ಲ ಭಾರ ಬ್ರೇಕ್ ಮೇಲೆ ಬೀಳುತ್ತದೆ. ದಯವಿಟ್ಟು ಬಿಟ್ಟುಬಿಡಿ. ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲ್ ಕೂಡ ಮೂರು ಟ್ಯಾಂಕ್ ಹಾಕಿ ನೋಡಿದೆ, ಪುಸ್ತಕದಲ್ಲಿ ಏನೂ ಕಾಣಲಿಲ್ಲ. ಆಕ್ಟೇನ್ ಅನ್ನುವುದು ಎಂಜಿನ್ ಕುಟ್ಟುವುದನ್ನು, ಅಂದರೆ ಪೆಟ್ರೋಲ್ ಹೊತ್ತು ತಪ್ಪಿ ತಾನೇ ಹೊತ್ತಿಕೊಳ್ಳುವುದನ್ನು, ತಡೆಯುವ ಗುಣದ ಅಳತೆ, ಹೆಚ್ಚು ಶಕ್ತಿ ಇದೆ ಅಂತಲ್ಲ. ಕಾರಿನ ಕೈಪಿಡಿ ಕೇಳಿದಷ್ಟು ಹಾಕಿದರೆ ಸಾಕು.

ಕಾರು ಕೈಕೊಟ್ಟ ದಿನದ ಕತೆ ಇದು. ಕೀಲಿ ತಿರುಗಿಸಿದರೆ ಬರೀ ಟಕ್ ಟಕ್. ಹತ್ತಿರದ ಗ್ಯಾರೇಜಿನವರು ಬಂದು, ಬ್ಯಾಟರಿ ಹೋಗಿದೆ, ಸ್ಟಾರ್ಟರ್ ಮೋಟಾರೂ ಅನುಮಾನ, ಎರಡೂ ಹಾಕಿಸಿ ಅಂದರು. ಬ್ಯಾಟರಿ ಹಾಕಿಸಿದ ತಾರೀಕು ಪುಸ್ತಕದಲ್ಲಿತ್ತು, ಮೂರು ವರ್ಷವೂ ತುಂಬಿರಲಿಲ್ಲ. ಒಂದು ನಿಮಿಷ ಇರಿ ಅಂತ ಹೇಳಿ ಡಿಕ್ಕಿಯಲ್ಲಿದ್ದ ಮಲ್ಟಿಮೀಟರ್ ಹಿಡಿದೆ. 12.5 ವೋಲ್ಟ್ ಇತ್ತು, ಸತ್ತ ಬ್ಯಾಟರಿಯ ಅಂಕಿ ಅದಲ್ಲ. ಮೈನಸ್ ಟರ್ಮಿನಲ್ ಸಡಿಲಿಸಿ ಎತ್ತಿದರೆ ಅಡಿಯಲ್ಲಿ ಬಿಳಿ ಪುಡಿ ಕೂತಿತ್ತು. ಮೇಲಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಸಣ್ಣ ದೀಪಗಳಿಗೆ ಬೇಕಾದಷ್ಟು ಕರೆಂಟ್ ಅದರ ನಡುವೆಯೂ ಹಾಯುತ್ತಿತ್ತು, ಸ್ಟಾರ್ಟರಿಗೆ ಬೇಕಾದಷ್ಟು ಹಾಯುತ್ತಿರಲಿಲ್ಲ. ಉಜ್ಜಿ ಬಿಗಿ ಮಾಡಿದೆ, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಎಂಜಿನ್ ಓಡುವಾಗ 14.2 ವೋಲ್ಟ್ ತೋರಿಸಿತು, ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೂಡ ಸರಿ ಅಂತಾಯಿತು. ಆ ಬ್ಯಾಟರಿ ಇನ್ನೂ ಎರಡು ವರ್ಷ ಬಂತು. ಗ್ಯಾರೇಜಿನವರು ಬೇಕಂತಲೇ ಹೇಳಿದರು ಅಂತ ನನಗನಿಸಲ್ಲ, ಅಳೆಯದೆ ಹೇಳಿದರು ಅಷ್ಟೆ. ಆದರೆ ಕೈ ಬಿಡುತ್ತಿದ್ದದ್ದು ನನ್ನ ದುಡ್ಡು.

ಒಂದು ತಪ್ಪು ನಾನೂ ಮಾಡಿದ್ದೇನೆ. ಮೊದಲ ಎರಡು ವರ್ಷ ಕೂಲಂಟ್ ಇಳಿದಾಗಲೆಲ್ಲ ಬರೀ ನೀರು ತುಂಬಿಸುತ್ತಿದ್ದೆ. ಕೂಲಂಟ್ ಬರೀ ತಂಪು ಮಾಡುವುದಿಲ್ಲ, ಒಳಗೆ ತುಕ್ಕು ಹಿಡಿಯದ ಹಾಗೂ ಕಾಯುತ್ತದೆ ಅಂತ ಆಗ ಗೊತ್ತಿರಲಿಲ್ಲ. ಮೂರನೇ ವರ್ಷ ಬಸಿದಾಗ ಕಂದು ಬಣ್ಣದ ನೀರು ಬಂತು, ನೋಡಿ ಹೊಟ್ಟೆ ಉರಿಯಿತು. ಎರಡು ಸಲ ತೊಳೆಸಿ, ಕೈಪಿಡಿಯಲ್ಲಿ ಹೇಳಿದ ಬಗೆಯದ್ದೇ ತುಂಬಿಸಿದೆ. ಬೇರೆ ಬೇರೆ ಬಗೆಯ ಕೂಲಂಟ್ ಬೆರೆಸಬಾರದು, ಎಂಜಿನ್ ಬಿಸಿಯಿರುವಾಗ ಅದರ ಮುಚ್ಚಳ ತೆಗೆಯಲೇಬಾರದು. ಆಗಿನಿಂದ ತಿಂಗಳಿಗೊಮ್ಮೆ ಅದರ ಮಟ್ಟವನ್ನೂ ಬರೆದಿಡುತ್ತೇನೆ, ಡಿಪ್‌ಸ್ಟಿಕ್ಕಿನ ಆಯಿಲ್ ಮಟ್ಟದ ಪಕ್ಕದಲ್ಲೇ.

ಹೋದ ವಾರದ ಸಾಲು ಹೀಗಿದೆ: 1,78,240, ಕೂಲಂಟ್ ಅರ್ಧ ಬೆರಳು ಕಡಿಮೆ. ನೆಲದ ಮೇಲೆ ಹನಿ ಇಲ್ಲ. ಟಾರ್ಚ್ ಹಿಡಿದು ನೋಡಿದರೆ ನೀರಿನ ಪಂಪಿನ ಕೆಳಗೆ ಒಣಗಿದ ಗುಲಾಬಿ ಕಲೆ. ಪಂಪ್ ತರಿಸಿಟ್ಟಿದ್ದೇನೆ, ಬೆಲ್ಟ್ ಕೂಡ ಹೇಗೂ ತೆಗೆಯಬೇಕಲ್ಲ, ಅದನ್ನೂ ಹೊಸದು ಹಾಕಿಸುತ್ತೇನೆ. ಶನಿವಾರ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕೆಲಸ ಶುರು.